ಮಗಳು ಕೇಜ್‌ಗೆ ಇಳಿಯುತ್ತೇನೆ ಎಂದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ವಿಜಯನಗರದ ಒಂದು ಕಟ್ಟಡದ ಎರಡನೆಯ ಮಹಡಿಯಲ್ಲಿ ಹುಡುಗಿಯರಿಗೆ ಕಿಕ್‌ಬಾಕ್ಸಿಂಗ್, ಕುಸ್ತಿ, ಜಿಯು-ಜಿತ್ಸು ಹೇಳಿಕೊಡಲು ಆರಂಭಿಸಿ ಒಂಬತ್ತು ವರ್ಷವಾಯಿತು. ಅದಕ್ಕೂ ಮೊದಲು ನಾನೇ ಆರು ಎಂಎಂಎ (ಮಿಕ್ಸೆಡ್ ಮಾರ್ಷಲ್ ಆರ್ಟ್ಸ್, ಅಂದರೆ ಹಲವು ಸಮರ ಕಲೆಗಳನ್ನು ಬೆರೆಸಿ ಕೇಜ್ ಎಂಬ ಬಲೆ ಕಟ್ಟಿದ ಕಣದೊಳಗೆ ಆಡುವ ಆಟ) ಪಂದ್ಯಗಳನ್ನು ಆಡಿದ್ದೇನೆ. ಮೂರು ಗೆದ್ದೆ, ಮೂರು ಸೋತೆ. ಇಲ್ಲಿರುವ ಪ್ರಶ್ನೆಗಳಲ್ಲಿ ಕೆಲವನ್ನು ತರಗತಿ ಮುಗಿದ ಮೇಲೆ ಬಾಗಿಲಲ್ಲಿ ನಿಂತು ತಾಯಂದಿರು ಕೇಳಿದರು, ಕೆಲವನ್ನು ಹುಡುಗಿಯರು ತಡರಾತ್ರಿ ಮೊಬೈಲ್‌ಗೆ ಕಳುಹಿಸಿದರು, ಕೆಲವು ಹಾವೇರಿ, ಹಳಿಯಾಳದ ಕಡೆಯಿಂದ ಪತ್ರದಲ್ಲಿ ಬಂದವು. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಇಟ್ಟಿದ್ದೇನೆ.

## ಏನೂ ಗೊತ್ತಿಲ್ಲದವರಿಗೆ

ಮೇಡಂ, ಇದು ಬಾಕ್ಸಿಂಗೋ ಕುಸ್ತಿಯೋ? ಟಿವಿಯಲ್ಲಿ ನೋಡಿದರೆ ಬೀದಿ ಜಗಳದ ಹಾಗೆ ಕಾಣುತ್ತದೆ.

ಎರಡೂ ಇದರಲ್ಲಿವೆ, ಇನ್ನೂ ಹಲವು ವಿದ್ಯೆಗಳಿವೆ. ನಿಂತು ಹೊಡೆದಾಡುವಾಗ ಗುದ್ದು, ಒದೆ, ಮೊಣಕಾಲು, ಮೊಣಕೈ. ಅಪ್ಪಿ ಹಿಡಿದಾಗ ಕುಸ್ತಿ ಮತ್ತು ಜೂಡೋ. ನೆಲಕ್ಕೆ ಬಿದ್ದ ಮೇಲೆ ಕೀಲು ತಿರುಚುವ, ಕತ್ತು ಬಿಗಿಯುವ ಜಿಯು-ಜಿತ್ಸು ಪಟ್ಟುಗಳು. ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಆಟ ಮುಗಿಯಿತು. ಇಲ್ಲಿ ಬೆನ್ನು ತಾಗಿದ ಮೇಲೂ ಆಟ ಉಳಿದಿರುತ್ತದೆ, ಕೆಳಗೆ ಮಲಗಿರುವವಳೇ ಗೆದ್ದುಬಿಡಬಹುದು. ಗರಡಿ ಮನೆಯ ಹಿರಿಯ ವಸ್ತಾದರೊಬ್ಬರಿಗೆ ನಾನು ಇದನ್ನು ವಿವರಿಸಿದಾಗ ಅವರು ಬಹಳ ಹೊತ್ತು ಒಪ್ಪಲೇ ಇಲ್ಲ.

ವೃತ್ತಿಪರ ಪಂದ್ಯಕ್ಕೆ 5 ನಿಮಿಷದ 3 ಸುತ್ತು, ಪಟ್ಟಕ್ಕಾಗಿ ಆಡುವ ಪಂದ್ಯಕ್ಕೆ 5 ಸುತ್ತು, ನಡುವೆ 1 ನಿಮಿಷದ ವಿಶ್ರಾಂತಿ. ಬೆರಳುಗಳು ಹೊರಗೆ ಕಾಣುವ ಸುಮಾರು 4 ಔನ್ಸಿನ ಗ್ಲೌಸ್. ಕಣ್ಣಿಗೆ ಚುಚ್ಚುವುದು, ಕಚ್ಚುವುದು, ಕೂದಲು ಹಿಡಿಯುವುದು, ತಲೆಯ ಹಿಂಭಾಗಕ್ಕೆ ಹೊಡೆಯುವುದು ತಪ್ಪು. ಇಂದು ಹೆಚ್ಚಿನ ಕಡೆ ಪಾಲಿಸುವ ನಿಯಮಗಳ ಮೂಲ ಅಮೆರಿಕದ ನ್ಯೂಜೆರ್ಸಿಯಲ್ಲಿ 2000ರಲ್ಲಿ ರೂಪುಗೊಂಡ ನಿಯಮಾವಳಿ.

ಬೀದಿ ಜಗಳದಲ್ಲಿ ಇಲ್ಲದ ಒಂದು ಹಕ್ಕು ಇಲ್ಲಿದೆ. ಅಂಗೈಯಿಂದ ಎದುರಾಳಿಯ ಮೈಯನ್ನೋ ನೆಲವನ್ನೋ ತಟ್ಟಿದರೆ, ಅಂದರೆ ಟ್ಯಾಪ್ ಮಾಡಿದರೆ, ಆ ಕ್ಷಣವೇ ಹಿಡಿತ ಬಿಡಬೇಕು. ನನ್ನಲ್ಲಿ ಸೇರುವ ಹುಡುಗಿಗೆ ಮೊದಲ ದಿನ ಗುದ್ದು ಕಲಿಸುವುದಿಲ್ಲ, ಟ್ಯಾಪ್ ಮಾಡುವುದನ್ನು ಕಲಿಸುತ್ತೇನೆ. ಎಷ್ಟೋ ಹುಡುಗಿಯರಿಗೆ "ಸಾಕು" ಎಂದ ಕೂಡಲೇ ಎದುರಿನವರು ನಿಲ್ಲಿಸುವುದು ಜೀವನದಲ್ಲಿ ಅದೇ ಮೊದಲು.

ಹೆಂಗಸರು ಇದಕ್ಕೆ ಬಂದದ್ದು ಯಾವಾಗ? ಇತ್ತೀಚೆಗೆ ತಾನೆ?

ಹೆಂಗಸರು ಮೊದಲಿನಿಂದಲೂ ಆಡುತ್ತಿದ್ದರು, ಜನ ನೋಡಿದ್ದು ಇತ್ತೀಚೆಗೆ. 2009ರ ಆಗಸ್ಟ್ 15ರಂದು ಸ್ಟ್ರೈಕ್‌ಫೋರ್ಸ್ ಎಂಬ ಸಂಸ್ಥೆಯ ಕಾರ್ಯಕ್ರಮದಲ್ಲಿ ಜೀನಾ ಕರಾನೊ ಮತ್ತು ಕ್ರಿಸ್ ಸೈಬೋರ್ಗ್ ಎದುರಾದರು. ದೊಡ್ಡ ಸಂಸ್ಥೆಯೊಂದು ಇಬ್ಬರು ಹೆಂಗಸರ ಪಂದ್ಯವನ್ನು ಆ ರಾತ್ರಿಯ ಮುಖ್ಯ ಪಂದ್ಯವಾಗಿ ಇಟ್ಟದ್ದು ಅದೇ ಮೊದಲು. ಮೊದಲ ಸುತ್ತಿಗೆ ಒಂದೇ ಸೆಕೆಂಡ್ ಉಳಿದಿರುವಾಗ ಸೈಬೋರ್ಗ್ ಗೆದ್ದರು. ಆದರೂ 2011ರಲ್ಲಿ, ಎಂಎಂಎ ಪಂದ್ಯಗಳನ್ನು ನಡೆಸುವ ಅಮೆರಿಕದ ದೊಡ್ಡ ಸಂಸ್ಥೆ ಯುಎಫ್‌ಸಿಯ ಮುಖ್ಯಸ್ಥ ಡೇನಾ ವೈಟ್, ತಮ್ಮ ಸಂಸ್ಥೆಯಲ್ಲಿ ಹೆಂಗಸರು ಎಂದೂ ಆಡುವುದಿಲ್ಲ ಎಂದು ಹೇಳಿದ್ದರು.

ಆ "ಎಂದೂ" ಎರಡು ವರ್ಷ ಬಾಳಿತು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಜೂಡೋ ಕಂಚು ಗೆದ್ದಿದ್ದ ರೊಂಡಾ ರೌಸಿ 2013ರ ಫೆಬ್ರುವರಿ 23ರಂದು ಲಿಜ್ ಕಾರ್ಮೂಷ್ ಎದುರು ಯುಎಫ್‌ಸಿಯ ಮೊದಲ ಮಹಿಳಾ ಪಂದ್ಯ ಆಡಿದರು. ಅದೂ ಆ ರಾತ್ರಿಯ ಮುಖ್ಯ ಪಂದ್ಯ. ಕಾರ್ಮೂಷ್ ಬೆನ್ನ ಮೇಲೆ ಹತ್ತಿ ಕತ್ತು ತಿರುಚುತ್ತಿದ್ದಾಗ ರೌಸಿಯ ಕಥೆ ಅಲ್ಲಿಗೆ ಮುಗಿಯಿತು ಎನಿಸಿತ್ತು. ಅವರು ಬಿಡಿಸಿಕೊಂಡು, ಸುತ್ತು ಮುಗಿಯಲು 11 ಸೆಕೆಂಡ್ ಇರುವಾಗ, ಮೊಣಕೈಯನ್ನು ಹಿಮ್ಮುಖವಾಗಿ ಬಗ್ಗಿಸುವ ಆರ್ಮ್‌ಬಾರ್ ಪಟ್ಟು ಹಾಕಿ ಗೆದ್ದರು. ಆ ಪಂದ್ಯವನ್ನು ನಾನು ಎಷ್ಟು ಸಲ ನೋಡಿದ್ದೇನೆಂಬ ಲೆಕ್ಕವಿಲ್ಲ.

ನಮ್ಮ ದೇಶದ ಹುಡುಗಿಯರು ಯಾರಾದರೂ ಇದ್ದಾರೆಯೇ, ಅಕ್ಕ?

ಇದ್ದಾರೆ. ಉತ್ತರ ಪ್ರದೇಶದ ಮುಜಫ್ಫರ್‌ನಗರ ಜಿಲ್ಲೆಯ ಬುಢಾನಾದ ಪೂಜಾ ತೋಮರ್ ಚೀನಾದ ಸಮರ ಕಲೆ ವುಶು ಕಲಿತು ಬಂದವರು. ಯುಎಫ್‌ಸಿಯ ಕರಾರಿಗೆ ಸಹಿ ಹಾಕಿದ ಮೊದಲ ಭಾರತೀಯ ಮಹಿಳೆ ಅವರು. 2024ರ ಜೂನ್ 8ರಂದು ಅಮೆರಿಕದ ಲೂಯಿವಿಲ್‌ನಲ್ಲಿ ಬ್ರೆಜಿಲ್‌ನ ರಯಾನ್ ಡೋಸ್ ಸಾಂಟೋಸ್ ಅವರನ್ನು ಸೋಲಿಸಿದಾಗ, ಯುಎಫ್‌ಸಿಯಲ್ಲಿ ಪಂದ್ಯ ಗೆದ್ದ ಮೊದಲ ಭಾರತೀಯ ಮಹಿಳೆ ಎನಿಸಿದರು. ಮೂವರು ತೀರ್ಪುಗಾರರಲ್ಲಿ ಇಬ್ಬರು ಪೂಜಾ ಕಡೆ, ಒಬ್ಬರು ಎದುರಾಳಿಯ ಕಡೆ. ಅಷ್ಟು ಬಿಗಿಯಾದ ಪಂದ್ಯ.

ಇನ್ನೊಬ್ಬರು ಹರಿಯಾಣದ ಫೋಗಟ್ ಕುಸ್ತಿ ಮನೆತನದ ರಿತು ಫೋಗಟ್. 2016ರ ಕಾಮನ್‌ವೆಲ್ತ್ ಕುಸ್ತಿ ಚಾಂಪಿಯನ್‌ಶಿಪ್‌ನ ಚಿನ್ನ, 2017ರ 23 ವರ್ಷದೊಳಗಿನವರ ವಿಶ್ವ ಕುಸ್ತಿಯ ಬೆಳ್ಳಿ ಗೆದ್ದಿದ್ದವರು 2019ರಲ್ಲಿ ಸಿಂಗಪುರದ ಒನ್ ಚಾಂಪಿಯನ್‌ಶಿಪ್ ಸಂಸ್ಥೆಯಲ್ಲಿ ಎಂಎಂಎಗೆ ಇಳಿದರು. 2021ರ ಡಿಸೆಂಬರ್‌ನಲ್ಲಿ ಅಲ್ಲಿನ ದೊಡ್ಡ ಟೂರ್ನಿಯ ಅಂತಿಮ ಪಂದ್ಯ ಮುಟ್ಟಿ ಥಾಯ್ಲೆಂಡ್‌ನ ಸ್ಟ್ಯಾಂಪ್ ಫೇರ್‌ಟೆಕ್ಸ್ ಎದುರು ಸೋತರು. ಅದೇ ಸ್ಟ್ಯಾಂಪ್ 2020ರ ಜನವರಿಯಲ್ಲಿ ಪೂಜಾ ಅವರನ್ನು ಮೊದಲ ಸುತ್ತಿನಲ್ಲೇ ಸೋಲಿಸಿದ್ದರು. ಆ ಸೋಲಿಗೂ ಲೂಯಿವಿಲ್‌ನ ಗೆಲುವಿಗೂ ನಡುವೆ ನಾಲ್ಕು ವರ್ಷಕ್ಕಿಂತ ಹೆಚ್ಚು ಅಂತರ. ನಮ್ಮ ಹುಡುಗಿಯರು ಒಂದು ಸೋಲಿಗೆ ಗ್ಲೌಸ್ ಬಿಚ್ಚಿಟ್ಟಾಗ ನಾನು ಈ ತಾರೀಖುಗಳನ್ನು ಬೋರ್ಡಿನ ಮೇಲೆ ಬರೆಯುತ್ತೇನೆ.

ಮಗಳಿಗೆ ಹನ್ನೊಂದು ವರ್ಷ. ಈಗಲೇ ಸೇರಿಸಬಹುದೇ?

ಆಟಕ್ಕೆ ಸೇರಿಸಿ, ಪಂದ್ಯಕ್ಕೆ ಬೇಡ. ಈ ವಯಸ್ಸಿನಲ್ಲಿ ಜೂಡೋ ಅಥವಾ ಕುಸ್ತಿ ಎಲ್ಲಕ್ಕಿಂತ ಒಳ್ಳೆಯದು: ಬೀಳುವುದನ್ನು ಕಲಿಯುತ್ತಾಳೆ, ಇನ್ನೊಬ್ಬರ ಭಾರವನ್ನು ಮೈಯಿಂದಲೇ ಅಳೆಯಲು ಕಲಿಯುತ್ತಾಳೆ. ತಲೆಗೆ ಹೊಡೆತ ಬೀಳುವ ಯಾವ ಅಭ್ಯಾಸವೂ ಬೇಡ. ಹನ್ನೊಂದರ ಮಗುವಿಗೆ ಸ್ಪಾರಿಂಗ್, ಅಂದರೆ ಜೊತೆಗಾರರೊಡನೆ ಅಭ್ಯಾಸದ ಹೊಡೆದಾಟ, ಮಾಡಿಸುತ್ತೇವೆ ಎನ್ನುವ ಕೋಚ್ ಸಿಕ್ಕರೆ ಅಲ್ಲಿಂದಲೇ ಮಗುವನ್ನು ಕರೆದುಕೊಂಡು ಬನ್ನಿ. ಹಳಿಯಾಳ, ಧಾರವಾಡ, ಬೆಳಗಾವಿಯ ಕಡೆಯವರಾದರೆ ನಿಮ್ಮೂರಿನ ಕುಸ್ತಿಯನ್ನು ಬಿಟ್ಟು ಬೆಂಗಳೂರಿಗೆ ಬರುವ ಅಗತ್ಯವೇ ಇಲ್ಲ. ಆ ಮ್ಯಾಟಿನ ಮೇಲೆ ಕಲಿತದ್ದನ್ನು ಮುಂದೆ ಬೆಂಗಳೂರಿನ ಯಾವ ಜಿಮ್ಮೂ ದುಡ್ಡಿಗೆ ಕೊಡಲಾರದು.

ನನಗೆ ಇಪ್ಪತ್ತಾರು. ವೈಟ್‌ಫೀಲ್ಡ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ತಡವಾಯಿತೇ?

ಕಲಿಯುವುದಕ್ಕೆ ತಡವಾಗಿಲ್ಲ. ಹವ್ಯಾಸಿ ಪಂದ್ಯ ಆಡುವುದಕ್ಕೂ ತಡವಾಗಿಲ್ಲ. ಯುಎಫ್‌ಸಿ ಮಟ್ಟಕ್ಕೆ ಹೋಗುವವರು ಸಾಮಾನ್ಯವಾಗಿ ಈ ವಯಸ್ಸಿಗೆ ಹತ್ತು ವರ್ಷ ಯಾವುದಾದರೂ ಒಂದು ವಿದ್ಯೆಯಲ್ಲಿ ಬೆವರು ಹರಿಸಿರುತ್ತಾರೆ. ಹಾಗಾಗಿ ಮೊದಲ ವರ್ಷ ಕೆಲಸ ಬಿಡಬೇಡಿ. ಸಂಜೆಯ ಟ್ರಾಫಿಕ್‌ನಲ್ಲಿ ವೈಟ್‌ಫೀಲ್ಡ್‌ನಿಂದ ಬರಬೇಕಾದವರು ಬೆಳಗಿನ ಆರರ ತರಗತಿಯನ್ನೇ ಆರಿಸಿಕೊಳ್ಳಿ. ಸಂಜೆಯ ತರಗತಿಗೆ ಸೇರಿದ ಅಂಥವರಲ್ಲಿ ಹೆಚ್ಚಿನವರು ಮೂರು ತಿಂಗಳಿಗೆ ನಿಂತುಹೋದದ್ದನ್ನು ಕಂಡಿದ್ದೇನೆ.

## ಅಭ್ಯಾಸದ ಮನೆಯೊಳಗೆ

ಇಂದಿರಾನಗರದಿಂದ ಎಚ್‌ಎಸ್‌ಆರ್ ತನಕ ಎಲ್ಲ ಕಡೆ ಎಂಎಂಎ ಬೋರ್ಡ್ ಇದೆ. ಯಾವುದು ಒಳ್ಳೆಯದೆಂದು ಗೊತ್ತಾಗುವುದು ಹೇಗೆ?

ಗೋಡೆಯ ಮೇಲಿನ ಫೋಟೋಗಳನ್ನು ನೋಡಬೇಡಿ. ಒಂದು ಸಂಜೆ ಪೂರ್ತಿ ಬೆಂಚಿನ ಮೇಲೆ ಕುಳಿತು ಸ್ಪಾರಿಂಗ್ ನೋಡಿ. ನೋಡಲು ಬಿಡದಿದ್ದರೆ ಉತ್ತರ ಅಲ್ಲೇ ಸಿಕ್ಕಿತು.

ನಾನು ನೋಡುವುದು ಇಷ್ಟನ್ನು. ಹೊಸಬಳನ್ನು ಯಾರ ಜೊತೆ ಬಿಡುತ್ತಾರೆ? ಕುಸ್ತಿಯವರು "ಜೋಡಿ ಕಟ್ಟುವುದು" ಎನ್ನುತ್ತಾರಲ್ಲ, ಆ ವಿದ್ಯೆ ಕೋಚ್‌ಗೆ ಗೊತ್ತಿದೆಯೇ? ದಸರಾ ಕುಸ್ತಿಗೆ ಜೋಡಿ ಕಟ್ಟುವ ದಿನ ಹಿರಿಯರು ಪೈಲ್ವಾನರ ಕೈ, ತೊಡೆ, ವಯಸ್ಸು, ಅನುಭವ ಎಲ್ಲವನ್ನೂ ನೋಡಿ ಸಮಬಲದವರನ್ನು ಎದುರುಬದುರು ನಿಲ್ಲಿಸುತ್ತಾರೆ. ಅದೇ ಕಣ್ಣು ಇಲ್ಲಿಯೂ ಬೇಕು. ಎರಡನೆಯದು, ಯಾರಾದರೂ ಟ್ಯಾಪ್ ಮಾಡಿದಾಗ ಸುತ್ತಲಿನವರ ಮುಖ. ನಗುವ ಜಾಗದಲ್ಲಿ ಹುಡುಗಿಯರು ನೋವನ್ನು ನುಂಗಲು ಕಲಿಯುತ್ತಾರೆ, ಆಮೇಲೆ ಕೀಲು ಹರಿಯುತ್ತದೆ. ಮೂರನೆಯದು, ಮ್ಯಾಟ್. ಬಗ್ಗಿ ಮೂಸಿ ನೋಡಿ. ದಿನವೂ ಒರೆಸದ ಮ್ಯಾಟಿನಿಂದ ಹುಳುಕಡ್ಡಿ ಇಡೀ ಬ್ಯಾಚಿಗೆ ಹರಡುವುದನ್ನು ನೋಡಿದ್ದೇನೆ.

ಇನ್ನೊಂದನ್ನು ನೇರವಾಗಿಯೇ ಹೇಳುತ್ತೇನೆ. ಈ ವಿದ್ಯೆಯಲ್ಲಿ ಮೈಗೆ ಮೈ ತಾಗುತ್ತದೆ. ತಾಗುವುದಕ್ಕೂ ಮುಟ್ಟುವುದಕ್ಕೂ ವ್ಯತ್ಯಾಸ ಹುಡುಗಿಗೆ ತಕ್ಷಣ ತಿಳಿಯುತ್ತದೆ. ಅವಳು "ಅಲ್ಲಿಗೆ ಹೋಗುವುದಿಲ್ಲ" ಎಂದರೆ ಕಾರಣ ಕೇಳುವ ಮೊದಲು ನಂಬಿ. ನಾನು ಮೊದಲು ಕಲಿತ ಜಾಗವನ್ನು ಬಿಟ್ಟದ್ದು ಇದೇ ಕಾರಣಕ್ಕೆ, ಮನೆಯಲ್ಲಿ ಹೇಳುವುದಕ್ಕೆ ಎರಡು ವರ್ಷ ಬೇಕಾಯಿತು.

ಗಂಡಸರ ಜೊತೆ ಅಭ್ಯಾಸ ಮಾಡಲೇಬೇಕೇ?

ನಮ್ಮ ಊರಿನಲ್ಲಿ ಒಂದೇ ತೂಕದ ನಾಲ್ವರು ಹುಡುಗಿಯರು ಒಂದು ಜಿಮ್ಮಿನಲ್ಲಿ ಸಿಗುವುದು ಅಪರೂಪ. ಹಾಗಾಗಿ ಮಾಡಬೇಕಾಗುತ್ತದೆ. ಜಿಯು-ಜಿತ್ಸು, ಕುಸ್ತಿ ಅಭ್ಯಾಸಕ್ಕೆ ಇದರಿಂದ ಲಾಭವೇ ಇದೆ. ತಲೆಗೆ ಹೊಡೆಯುವ ಸ್ಪಾರಿಂಗ್‌ನಲ್ಲಿ ಮಾತ್ರ ನಾನು ಆರಿಸಿ ಬಿಡುತ್ತೇನೆ. ತನ್ನ ಕೈಯ ಭಾರ ತನಗೆ ಗೊತ್ತಿರುವ ಗಂಡಸು ಬೇಕು. ಹುಡುಗಿಯಿಂದ ಒಂದು ಒಳ್ಳೆಯ ಏಟು ತಿಂದ ಕೂಡಲೇ ಮೂರರಷ್ಟು ಜೋರಾಗಿ ಹಿಂದಿರುಗಿಸುವವನಿಗೆ ನನ್ನಲ್ಲಿ ಜಾಗವಿಲ್ಲ. ಅಂಥ ಇಬ್ಬರನ್ನು ಶುಲ್ಕ ವಾಪಸು ಕೊಟ್ಟು ಕಳುಹಿಸಿದ್ದೇನೆ.

ಪಂದ್ಯದ ತಯಾರಿಯಲ್ಲಿ ಮೂರು ತಿಂಗಳಿಂದ ಮುಟ್ಟಾಗಿಲ್ಲ. ಒಳ್ಳೆಯದೇ ಅಲ್ಲವೇ ಅಕ್ಕ, ತೊಂದರೆ ತಪ್ಪಿತು?

ಒಳ್ಳೆಯದಲ್ಲ. ಇವತ್ತೇ ವೈದ್ಯರ ಬಳಿ ಹೋಗು. ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ, ಏಕೆಂದರೆ ಇದನ್ನು ಕೇಳುವವರು ಹೆಮ್ಮೆಯಿಂದ ಕೇಳುತ್ತಾರೆ.

ಖರ್ಚು ಮಾಡುವ ಶಕ್ತಿಗೆ ತಕ್ಕಷ್ಟು ಆಹಾರ ಹೋಗದಿದ್ದಾಗ ದೇಹ ಒಂದೊಂದೇ ಕೆಲಸವನ್ನು ನಿಲ್ಲಿಸುತ್ತ ಬರುತ್ತದೆ. ಮುಟ್ಟು ನಿಲ್ಲುವುದು ನಮ್ಮ ಕಣ್ಣಿಗೆ ಕಾಣುವ ಲಕ್ಷಣ. ಕಾಣದೆ ನಡೆಯುವುದು ಮೂಳೆ ಸವೆಯುವುದು. ಕಾಲಿನ ಮೂಳೆಯಲ್ಲಿ ಸಣ್ಣ ಬಿರುಕು, ವಾಸಿಯಾಗದ ಗಾಯ, ಕಾರಣವಿಲ್ಲದ ಸಿಟ್ಟು, ನಿದ್ದೆಗೇಡು ಎಲ್ಲವೂ ಇದರ ಹಿಂದೆಯೇ ಬರುತ್ತವೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲೇ ಇದಕ್ಕೊಂದು ಹೆಸರು ಕೊಟ್ಟು ಎಚ್ಚರಿಸಿದೆ. ಗರ್ಭ, ಥೈರಾಯ್ಡ್ ಮುಂತಾದ ಬೇರೆ ಕಾರಣಗಳೂ ಇರಬಹುದಾದ್ದರಿಂದ ಪರೀಕ್ಷೆ ತಪ್ಪಿಸಬೇಡ.

ಮುಟ್ಟಿನ ದಿನಗಳಲ್ಲಿ ಅಭ್ಯಾಸ ಮಾಡಬಹುದೇ ಎಂದರೆ, ಮೈ ಒಪ್ಪಿದರೆ ಧಾರಾಳವಾಗಿ ಮಾಡಬಹುದು. ನನ್ನ ಹುಡುಗಿಯರು ಒಂದು ಸಣ್ಣ ಪುಸ್ತಕದಲ್ಲಿ ತಾರೀಖು ಬರೆದಿಡುತ್ತಾರೆ. ಆ ದಿನಗಳಲ್ಲಿ ದೇಹ ನೀರು ಹಿಡಿದಿಟ್ಟು ತೂಕ ಏರುವುದರಿಂದ ಪಂದ್ಯದ ಲೆಕ್ಕಕ್ಕೂ ಅದು ಬೇಕು.

ಮುದ್ದೆ, ಅನ್ನ ಬಿಡಬೇಕೇ? ನಾವು ಸಸ್ಯಾಹಾರಿಗಳು.

ಬಿಡಬೇಡಿ. ಮಧ್ಯಾಹ್ನ ಮುದ್ದೆ, ಬಸ್ಸಾರು, ಜೊತೆಗೆ ಮೊಳಕೆ ಕಾಳು. ಅಭ್ಯಾಸಕ್ಕೆ ಎರಡು ಗಂಟೆ ಮೊದಲು ಬಾಳೆಹಣ್ಣು. ರಾತ್ರಿ ಪನೀರ್ ಅಥವಾ ಸೋಯಾ, ಮೊಸರು. ಸಸ್ಯಾಹಾರದಲ್ಲಿ ಪ್ರೋಟೀನ್ ಪ್ರತಿ ಊಟದಲ್ಲೂ ಬೇಕು, ಒಂದೇ ಹೊತ್ತಿಗೆ ತುಂಬಿಸಲಾಗದು. ಕಬ್ಬಿಣದ ಅಂಶ ಮತ್ತು ಬಿ12 ರಕ್ತಪರೀಕ್ಷೆಯನ್ನು ವರ್ಷಕ್ಕೊಮ್ಮೆ ಮಾಡಿಸಿ.

## ಪಂದ್ಯ ಹತ್ತಿರ ಬಂದಾಗ

ನಾನು ಪಂದ್ಯಕ್ಕೆ ಸಿದ್ಧಳಾಗಿದ್ದೇನೆ ಎಂದು ಹೇಗೆ ಗೊತ್ತಾಗುತ್ತದೆ?

ಕೆಳಗೆ ಬಿದ್ದು, ನಿನಗಿಂತ ಭಾರದವರು ಮೇಲೆ ಕುಳಿತಾಗ, ಉಸಿರನ್ನು ಹಿಡಿತದಲ್ಲಿಟ್ಟುಕೊಂಡು ಹೊರಬರುವ ದಾರಿ ಹುಡುಕಲು ಬರುತ್ತದೆಯೇ? ಇದೊಂದೇ ನನ್ನ ಪರೀಕ್ಷೆ. ಗುದ್ದು ಎಷ್ಟು ಜೋರು ಎನ್ನುವುದನ್ನು ನಾನು ನೋಡುವುದಿಲ್ಲ. ಸಾಮಾನ್ಯವಾಗಿ ಇದಕ್ಕೆ ಒಂದೂವರೆ ಎರಡು ವರ್ಷ ಬೇಕು.

ಮೊದಲು ಹವ್ಯಾಸಿ ಪಂದ್ಯಗಳನ್ನೇ ಆಡು. ಅಂತರರಾಷ್ಟ್ರೀಯ ಎಂಎಂಎ ಒಕ್ಕೂಟದ ಹವ್ಯಾಸಿ ನಿಯಮಗಳಲ್ಲಿ ಸುತ್ತು 3 ನಿಮಿಷದ್ದು, ಮೊಣಕೈ ಏಟಿಲ್ಲ, ತಲೆಗೆ ಮೊಣಕಾಲು ಹಾಕುವಂತಿಲ್ಲ. ಅಲ್ಲಿ ಹತ್ತು ಪಂದ್ಯ ಆಡಿದವಳು ವೃತ್ತಿಪರ ಕೇಜ್‌ಗೆ ಹೋದಾಗ ದೀಪ, ಗದ್ದಲ, ಕ್ಯಾಮೆರಾಗಳಿಗೆ ಹೆದರುವುದಿಲ್ಲ. ನಮ್ಮಲ್ಲಿ ಹುಡುಗಿಯರ ಸಂಖ್ಯೆ ಕಡಿಮೆ ಎಂಬ ಕಾರಣಕ್ಕೆ ಆಯೋಜಕರು ಎರಡನೆಯ ಪಂದ್ಯಕ್ಕೇ ವೃತ್ತಿಪರರ ಎದುರು ನಿಲ್ಲಿಸಲು ನೋಡುತ್ತಾರೆ. "ಇಂಥ ಅವಕಾಶ ಮತ್ತೆ ಬರುವುದಿಲ್ಲ" ಎನ್ನುತ್ತಾರೆ. ಎದುರಾಳಿಯ ಹಿಂದಿನ ಪಂದ್ಯಗಳ ವಿಡಿಯೋ ಕೇಳು. ಕೊಡದಿದ್ದರೆ, ಅಥವಾ ನೋಡಿದ ಮೇಲೆ ಕೋಚ್ ತಲೆ ಅಲ್ಲಾಡಿಸಿದರೆ, ಬೇಡ ಎನ್ನು. ನಾನು ನೋಡಿದ ಮಟ್ಟಿಗೆ ಹುಡುಗಿಯರ ವೃತ್ತಿ ಬೇಗ ಮುಗಿದದ್ದು ಆಡಬಾರದ ಪಂದ್ಯ ಆಡಿದ್ದರಿಂದ.

ತೂಕ ಇಳಿಸುವುದು ಅಷ್ಟು ಅಪಾಯವೇ? ಎಲ್ಲರೂ ಮಾಡುತ್ತಾರಲ್ಲ.

ಹೆಂಗಸರ ತೂಕದ ಮುಖ್ಯ ವರ್ಗಗಳು ಕೆಲವೇ: ಸ್ಟ್ರಾವೇಟ್ 52.2 ಕೆ.ಜಿ., ಫ್ಲೈವೇಟ್ 56.7, ಬ್ಯಾಂಟಮ್‌ವೇಟ್ 61.2, ಫೆದರ್‌ವೇಟ್ 65.8. ನಡುವಿನ ಅಂತರ ನಾಲ್ಕೂವರೆ ಕಿಲೋ. 55 ಕಿಲೋ ಇರುವವಳಿಗೆ ಎರಡೂ ಕಡೆ ಇಕ್ಕಟ್ಟು. ತೂಕ ನೋಡುವುದು ಸಾಮಾನ್ಯವಾಗಿ ಪಂದ್ಯದ ಹಿಂದಿನ ದಿನ. ಹಾಗಾಗಿ ಎಲ್ಲರೂ ನೀರು ಇಳಿಸಿ ತಕ್ಕಡಿ ಹತ್ತಿ, ಮರುದಿನದೊಳಗೆ ಮತ್ತೆ ತುಂಬಿಸಿಕೊಳ್ಳಲು ನೋಡುತ್ತಾರೆ.

ನನ್ನ ನಾಲ್ಕನೆಯ ಪಂದ್ಯಕ್ಕೆ ಆರು ದಿನದಲ್ಲಿ ಐದು ಕಿಲೋ ಇಳಿಸಬೇಕಿತ್ತು. ಏಪ್ರಿಲ್ ತಿಂಗಳು. ಎರಡು ಸ್ವೆಟರ್, ಮೇಲೆ ಮಳೆ ಕೋಟು ಹಾಕಿಕೊಂಡು ಲಾಲ್‌ಬಾಗ್‌ನ ಬಂಡೆ ಹತ್ತಿ ಇಳಿದೆ. ಉಪ್ಪು ಬಿಟ್ಟೆ, ಕೊನೆಯ ದಿನ ನೀರೂ ಬಿಟ್ಟೆ. ಬಾಯಿ ಒಣಗಿದಾಗ ಐಸ್ ತುಂಡನ್ನು ನಾಲಿಗೆಗೆ ಮುಟ್ಟಿಸಿ ಉಗುಳುತ್ತಿದ್ದೆ. ಲಾಡ್ಜಿನ ಬಚ್ಚಲಲ್ಲಿ ಬಿಸಿನೀರಿನ ಹಬೆಗೆ ಕುಳಿತಿದ್ದಾಗ ಕಣ್ಣು ಕತ್ತಲಿಟ್ಟು ಬಿದ್ದೆ. ತಂಗಿ ಬಾಗಿಲು ಒದ್ದು ಒಳಗೆ ಬಂದಳು. ತಕ್ಕಡಿ 52.1 ತೋರಿಸಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಮರುದಿನ ಎರಡನೆಯ ಸುತ್ತಿನಲ್ಲಿ ಕೈ ಎತ್ತಲಾಗದೆ ಸೋತೆ. ನೀರಿಲ್ಲದ ದೇಹ ಏಟನ್ನೂ ತಡೆಯಲಾರದು ಎಂದು ಆಗ ಯಾರೂ ನನಗೆ ಹೇಳಿರಲಿಲ್ಲ.

2015ರ ಡಿಸೆಂಬರ್‌ನಲ್ಲಿ ಚೀನಾದ 21 ವರ್ಷದ ಯಾಂಗ್ ಜಿಯಾನ್‌ಬಿಂಗ್ ತೂಕ ಇಳಿಸುವಾಗಲೇ ಕುಸಿದು ತೀರಿಕೊಂಡರು. ಆ ಮೇಲೆ ಒನ್ ಚಾಂಪಿಯನ್‌ಶಿಪ್ ನೀರು ಇಳಿಸಿ ತೂಕ ಮಾಡುವುದನ್ನು ನಿಷೇಧಿಸಿ, ಮೂತ್ರ ಪರೀಕ್ಷೆಯಿಂದ ದೇಹದ ನೀರಿನ ಮಟ್ಟ ನೋಡುವ ಪದ್ಧತಿ ತಂದಿತು. ನಮ್ಮ ಮನೆಯ ನಿಯಮ ಸರಳ: ಕೊನೆಯ ವಾರ ಎರಡು ಕಿಲೋಗಿಂತ ಹೆಚ್ಚು ಇಳಿಸುವ ಪಂದ್ಯ ಒಪ್ಪುವುದಿಲ್ಲ. ಉಳಿದದ್ದು ಮೂರು ತಿಂಗಳ ಮೊದಲೇ ಊಟದಿಂದ ಇಳಿಯಬೇಕು, ಇಲ್ಲವೇ ಮೇಲಿನ ವರ್ಗದಲ್ಲಿ ಆಡಬೇಕು.

ತಲೆಗೆ ಪೆಟ್ಟಾದರೆ ಏನು ಗತಿ, ಮೇಡಂ? ಅದೊಂದು ಹೇಳಿ ಸಾಕು.

ಈ ಪ್ರಶ್ನೆಗೆ ನಾನು ಧೈರ್ಯದ ಮಾತು ಹೇಳುವುದಿಲ್ಲ. ಅಪಾಯ ನಿಜ. 2022ರ ಜುಲೈನಲ್ಲಿ ಇದೇ ಬೆಂಗಳೂರಿನ ಒಂದು ಕಿಕ್‌ಬಾಕ್ಸಿಂಗ್ ಪಂದ್ಯದಲ್ಲಿ ಏಟು ತಿಂದು ಬಿದ್ದ ಮೈಸೂರಿನ ಯುವಕ ಆಸ್ಪತ್ರೆಯಲ್ಲಿ ತೀರಿಕೊಂಡ. ಪಂದ್ಯದ ಜಾಗದಲ್ಲಿ ಸರಿಯಾದ ವೈದ್ಯಕೀಯ ವ್ಯವಸ್ಥೆ ಇರಲಿಲ್ಲವೆಂದು ಮನೆಯವರು ದೂರು ಕೊಟ್ಟರು. ಆ ವಾರ ನಾನು ತರಗತಿ ನಡೆಸಲಿಲ್ಲ.

ಅಮೆರಿಕದ ರಾಜ್ಯಗಳಲ್ಲಿ ಸರ್ಕಾರದ ಕ್ರೀಡಾ ಆಯೋಗ ಪಂದ್ಯಕ್ಕೆ ಪರವಾನಗಿ ಕೊಡುತ್ತದೆ, ವೈದ್ಯರನ್ನು ನೇಮಿಸುತ್ತದೆ, ನಾಕೌಟ್ ಆದವರನ್ನು ಇಷ್ಟು ದಿನ ಆಡಬಾರದೆಂದು ತಡೆಹಿಡಿಯುತ್ತದೆ. ನಮ್ಮಲ್ಲಿ ಹಾಗೆ ಕಾನೂನಿನ ಬಲವಿರುವ ಆಯೋಗ ಇಲ್ಲ. ಆದ್ದರಿಂದ ಆ ಕೆಲಸವನ್ನು ಮನೆಯವರೂ ಕೋಚೂ ಮಾಡಬೇಕು. ಕೇಜ್ ಪಕ್ಕದಲ್ಲಿ ವೈದ್ಯರಿದ್ದಾರೆಯೇ? ಹೊರಗೆ ಆಂಬುಲೆನ್ಸ್ ನಿಂತಿದೆಯೇ, ಅದರಲ್ಲಿ ಆಮ್ಲಜನಕವಿದೆಯೇ? ಮೆದುಳಿನ ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆ ಎಷ್ಟು ದೂರ, ಆ ಹೊತ್ತಿನ ಟ್ರಾಫಿಕ್ ಹೇಗಿರುತ್ತದೆ? ಪಂದ್ಯದ ದಿನ ನಾನು ಮೊದಲು ಹೋಗುವುದು ಆಂಬುಲೆನ್ಸ್ ಹತ್ತಿರ. ಒಮ್ಮೆ ಅದು ಬಂದೇ ಇರಲಿಲ್ಲ. ನಾವು ಗ್ಲೌಸ್ ಬಿಚ್ಚಿ ಮನೆಗೆ ಬಂದೆವು. ಹುಡುಗಿ ಮೆಟ್ರೊದಲ್ಲಿ ಅಳುತ್ತಲೇ ಇದ್ದಳು. ನನಗೆ ಅಂದೂ ಪಶ್ಚಾತ್ತಾಪವಿರಲಿಲ್ಲ, ಇಂದೂ ಇಲ್ಲ.

ಪೆಟ್ಟಿನ ನಂತರ ತಲೆನೋವು, ವಾಂತಿ, ಬೆಳಕು ಸಹಿಸಲಾಗದಿರುವುದು, ಮರೆವು ಇದ್ದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಪೂರ್ತಿ ವಾಸಿಯಾಗುವ ಮೊದಲೇ ಇನ್ನೊಂದು ಪೆಟ್ಟು ಬೀಳುವುದು ಎಲ್ಲಕ್ಕಿಂತ ಅಪಾಯ. ಮಿದುಳಿಗೆ ಏಟು ಹೆಚ್ಚಾಗಿ ಬೀಳುವುದು ಪಂದ್ಯದಲ್ಲಲ್ಲ, ವರ್ಷವಿಡೀ ನಡೆಯುವ ಸ್ಪಾರಿಂಗ್‌ನಲ್ಲಿ. ನನ್ನಲ್ಲಿ ತಲೆಗೆ ಜೋರಾಗಿ ಹೊಡೆಯುವ ಸ್ಪಾರಿಂಗ್ ಪಂದ್ಯದ ತಯಾರಿಯ ಕೆಲವು ವಾರಗಳಿಗೆ ಮಾತ್ರ ಸೀಮಿತ.

ಮುಖ ಹಾಳಾದರೆ ಮದುವೆ ಹೇಗೆ?

ಹುಬ್ಬಿನ ಮೇಲೆ ಹೊಲಿಗೆ ಬೀಳಬಹುದು, ಮೂಗು ಮುರಿಯಬಹುದು, ಪೈಲ್ವಾನರ ಹಾಗೆ ಕಿವಿ ಮುರುಟಬಹುದು. ಕಿವಿ ಊದಿದ ದಿನವೇ ವೈದ್ಯರಿಂದ ರಕ್ತ ತೆಗೆಸಿ ಪಟ್ಟಿ ಕಟ್ಟಿಸಿದರೆ ಅದನ್ನು ತಪ್ಪಿಸಬಹುದು. ನನ್ನ ಎಡ ಹುಬ್ಬಿನಲ್ಲಿ ಏಳು ಹೊಲಿಗೆಯ ಗುರುತಿದೆ. ಅದನ್ನು ನೋಡಿ ಬೇಡ ಎಂದು ಹೋದ ಮನೆಯವರಿಂದ ನನಗೆ ನಷ್ಟವಾಗಲಿಲ್ಲ.

## ಇದನ್ನೇ ವೃತ್ತಿ ಮಾಡಿಕೊಳ್ಳುವವರಿಗೆ

ಇದರಿಂದ ಹೊಟ್ಟೆ ತುಂಬುತ್ತದೆಯೇ?

ಮೊದಲ ಹಲವು ವರ್ಷ ತುಂಬುವುದಿಲ್ಲ. ವೃತ್ತಿಪರ ಪಂದ್ಯದಲ್ಲಿ ಹಣ ಎರಡು ಭಾಗ: ಕೇಜ್‌ಗೆ ಇಳಿದುದಕ್ಕೆ ಒಂದು ಮೊತ್ತ, ಗೆದ್ದರೆ ಇನ್ನೊಂದು. ವರ್ಷಕ್ಕೆ ಎರಡು ಮೂರು ಪಂದ್ಯ ಸಿಕ್ಕರೆ ಅದೃಷ್ಟ. ಅದರಲ್ಲಿ ಕೋಚ್, ಮ್ಯಾನೇಜರ್, ಪ್ರಯಾಣ, ಫಿಸಿಯೋ ಎಲ್ಲರ ಪಾಲು ಹೋಗುತ್ತದೆ. ಅಮೆರಿಕದಲ್ಲಿ ಆಡಿದರೆ ವಿದೇಶಿ ಆಟಗಾರರ ಗಳಿಕೆಯಿಂದ ಸಾಮಾನ್ಯವಾಗಿ ಶೇ. 30ರಷ್ಟು ತೆರಿಗೆ ಮೊದಲೇ ಕಡಿತವಾಗುತ್ತದೆ. ನಮ್ಮ ಊರಿನ ಹುಡುಗಿಯರು ಬೆಳಗ್ಗೆ ಜಿಮ್‌ಗಳಲ್ಲಿ ತರಗತಿ ನಡೆಸಿ, ಅಪಾರ್ಟ್‌ಮೆಂಟ್‌ಗಳಲ್ಲಿ ಖಾಸಗಿ ಪಾಠ ಹೇಳಿ, ಸಂಜೆ ತಮ್ಮ ಅಭ್ಯಾಸ ಮಾಡುತ್ತಾರೆ. ಚೀನಾದ ಝಾಂಗ್ ವೈಲಿ ಕೂಡ ಹೀಗೆಯೇ ಜಿಮ್ಮಿನ ಸ್ವಾಗತ ಮೇಜಿನಲ್ಲಿ ದುಡಿದವರು. 2019ರ ಆಗಸ್ಟ್‌ನಲ್ಲಿ 42 ಸೆಕೆಂಡಿನಲ್ಲಿ ಗೆದ್ದು ಚೀನಾದ ಮೊದಲ ಯುಎಫ್‌ಸಿ ಚಾಂಪಿಯನ್ ಆದರು. ಓದು ಬಿಟ್ಟು ಬರುತ್ತೇನೆ ಎನ್ನುವ ಹುಡುಗಿಯನ್ನು ನಾನು ಸೇರಿಸಿಕೊಳ್ಳುವುದಿಲ್ಲ.

ಕ್ರೀಡಾ ಕೋಟಾದಲ್ಲಿ ಸರ್ಕಾರಿ ಕೆಲಸ ಸಿಗುವುದೇ?

ಎಂಎಂಎ ಹೆಸರಿನಲ್ಲಿ ಸಿಗುವುದಿಲ್ಲ. ಕೇಂದ್ರ ಸರ್ಕಾರ 2020ರಲ್ಲಿ ಕ್ರೀಡಾ ಕೋಟಾದ ಪಟ್ಟಿಯನ್ನು 43ರಿಂದ 63 ಆಟಗಳಿಗೆ ಹಿಗ್ಗಿಸಿದಾಗ ವುಶು, ಜಪಾನಿನ ಸಮರ ಕಲೆ ಕುಡೊ ಸೇರಿದವು, ಎಂಎಂಎ ಸೇರಲಿಲ್ಲ. ಕುಸ್ತಿ, ಬಾಕ್ಸಿಂಗ್, ಜೂಡೋ ಮೊದಲಿನಿಂದಲೂ ಇವೆ. ಆದ್ದರಿಂದ ಹಣದ ಅನುಕೂಲವಿಲ್ಲದ ಮನೆಯ ಹುಡುಗಿಗೆ ನಾನು ಹೇಳುವುದು, ಇವುಗಳಲ್ಲಿ ಒಂದರಲ್ಲಿ ರಾಷ್ಟ್ರಮಟ್ಟದ ಪದಕ ಗೆಲ್ಲು, ಕೆಲಸ ಹಿಡಿ, ಆಮೇಲೆ ಕೇಜ್ ಬಗ್ಗೆ ಯೋಚಿಸು. 2026ರ ಐಚಿ-ನಗೋಯಾ ಏಷ್ಯನ್ ಕ್ರೀಡಾಕೂಟದ ಪಟ್ಟಿಗೆ ಎಂಎಂಎ ಸೇರಿರುವುದರಿಂದ ಮುಂದೆ ಈ ಉತ್ತರ ಬದಲಾಗಲಿ ಎಂಬುದು ನನ್ನ ದೊಡ್ಡ ಆಸೆ.

ಕರಾರು ಬಂದಿದೆ, ನಾಳೆಯೇ ಸಹಿ ಹಾಕಬೇಕಂತೆ. ಏನು ನೋಡಬೇಕು?

ನಾಳೆಯೇ ಎನ್ನುವುದನ್ನು ಮೊದಲು ನೋಡಬೇಕು. ಒಂದು ವಾರ ಕೇಳು, ವಕೀಲರಿಗೆ ತೋರಿಸು. ಎಷ್ಟು ಪಂದ್ಯ, ಎಷ್ಟು ತಿಂಗಳು? ಆ ಅವಧಿಯಲ್ಲಿ ಬೇರೆ ಕಡೆ ಆಡಬಹುದೇ? ಅವರು ಪಂದ್ಯ ಕೊಡದೆ ಕೂರಿಸಿದರೆ ನಿನಗೆ ಬಿಡುಗಡೆ ಇದೆಯೇ? ಎದುರಾಳಿ ತೂಕ ತಪ್ಪಿದರೆ, ಹಿಂದೆ ಸರಿದರೆ ನಿನ್ನ ಹಣ ಸಿಗುತ್ತದೆಯೇ? ಗಾಯದ ಖರ್ಚು ಯಾರದು, ಎಷ್ಟು ದಿನದವರೆಗೆ? ಹಣ ಎಷ್ಟು ದಿನದೊಳಗೆ ಕೈಗೆ ಬರುತ್ತದೆ? ನನ್ನ ಒಂದು ಪಂದ್ಯದ ಹಣ ಹದಿನಾಲ್ಕು ತಿಂಗಳ ಮೇಲೆ, ಅರ್ಧದಷ್ಟು ಮಾತ್ರ ಬಂತು. ಏಕೆಂದರೆ ಕಾಗದದಲ್ಲಿ ತಾರೀಖೇ ಇರಲಿಲ್ಲ.

ಮಗುವಾದ ಮೇಲೆ ಮತ್ತೆ ಆಡಲು ಆಗುತ್ತದೆಯೇ?

ಆಗುತ್ತದೆ. ಯುಎಫ್‌ಸಿಯ ಮೆಕೆಂಜಿ ಡರ್ನ್ 2019ರ ಜೂನ್‌ನಲ್ಲಿ ಹೆತ್ತು, ಅಕ್ಟೋಬರ್‌ನಲ್ಲಿ ಕೇಜ್‌ಗೆ ಮರಳಿದರು. ಆ ಪಂದ್ಯ ಅವರ ವೃತ್ತಿಯ ಮೊದಲ ಸೋಲು. ನಾಲ್ಕು ತಿಂಗಳು ಬಹಳ ಬೇಗ ಎಂದೇ ನನ್ನ ಅಭಿಪ್ರಾಯ. ಆದರೆ ಅವರೇ 2025ರ ಅಕ್ಟೋಬರ್‌ನಲ್ಲಿ ಸ್ಟ್ರಾವೇಟ್ ಚಾಂಪಿಯನ್ ಆದರು. ಒನ್ ಚಾಂಪಿಯನ್‌ಶಿಪ್‌ನ ಏಂಜೆಲಾ ಲೀ 2021ರಲ್ಲಿ ಮಗಳನ್ನು ಹೆತ್ತು, 2022ರ ಮಾರ್ಚ್‌ನಲ್ಲಿ ಸ್ಟ್ಯಾಂಪ್ ಫೇರ್‌ಟೆಕ್ಸ್ ಎದುರು ತಮ್ಮ ಪಟ್ಟ ಉಳಿಸಿಕೊಂಡರು. ನಮ್ಮಲ್ಲಿ ತಡೆಯುವುದು ದೇಹವಲ್ಲ, ಮಗುವನ್ನು ಎರಡು ಗಂಟೆ ನೋಡಿಕೊಳ್ಳುವವರು ಇಲ್ಲದಿರುವುದು. ನನ್ನ ತರಗತಿಯ ಮೂಲೆಯಲ್ಲಿ ಒಂದು ತೊಟ್ಟಿಲಿದೆ, ಸರದಿಯ ಮೇಲೆ ಯಾರಾದರೂ ತೂಗುತ್ತಾರೆ.

ಯಾವಾಗ ನಿಲ್ಲಿಸಬೇಕು?

ರೌಸಿ 2015ರ ನವೆಂಬರ್‌ನಲ್ಲಿ ಮೆಲ್ಬರ್ನ್‌ನಲ್ಲಿ ಹಾಲಿ ಹೋಮ್ ಎದುರು ತಲೆಗೆ ಒದೆ ತಿಂದು ಸೋತರು. ಒಂದು ವರ್ಷದ ಮೇಲೆ ಮರಳಿ ಬಂದು ಅಮಾಂಡಾ ನುನೆಸ್ ಎದುರು 48 ಸೆಕೆಂಡಿನಲ್ಲಿ ಸೋತು ಯುಎಫ್‌ಸಿ ಬಿಟ್ಟರು. ಆ ನುನೆಸ್ 2023ರ ಜೂನ್‌ನಲ್ಲಿ ಪಟ್ಟ ಉಳಿಸಿಕೊಂಡ ರಾತ್ರಿಯೇ ಗ್ಲೌಸ್ ಬಿಚ್ಚಿ ಕೇಜ್ ನೆಲದ ಮೇಲಿಟ್ಟು ವಿದಾಯ ಹೇಳಿದರು. ಎರಡನೆಯ ರೀತಿಯ ವಿದಾಯ ಬಹಳ ಕಡಿಮೆ ಜನರಿಗೆ ದಕ್ಕುತ್ತದೆ. ಉಳಿದವರಿಗೆ ನಾನು ಹೇಳುವ ಗುರುತುಗಳು ಇವು: ಮೊದಲು ತಡೆಯುತ್ತಿದ್ದ ಏಟು ಈಗ ಕಾಣುವುದೇ ಇಲ್ಲ, ಸಣ್ಣ ಏಟಿಗೂ ಕಾಲು ಸೋಲುತ್ತದೆ, ಹೆಸರುಗಳು ನಾಲಿಗೆಗೆ ಬರುವುದಿಲ್ಲ. ಇವುಗಳಲ್ಲಿ ಒಂದು ಕಂಡರೂ ಆ ದಿನವೇ ನಿಲ್ಲಿಸಿ ನರರೋಗ ತಜ್ಞರನ್ನು ಕಾಣಬೇಕು.

ನೀವೇಕೆ ನಿಲ್ಲಿಸಿದಿರಿ, ಅಕ್ಕ?

ಏಳನೆಯ ಪಂದ್ಯಕ್ಕೆ ಒಂಬತ್ತು ದಿನ ಮೊದಲು ಕರೆ ಬಂತು. ಮೊದಲು ಒಪ್ಪಿದ್ದ ಹುಡುಗಿಗೆ ಗಾಯವಾಗಿತ್ತು. ಎದುರಾಳಿ ನನಗಿಂತ ಒಂದು ತೂಕ ಮೇಲಿನವಳು, ಹನ್ನೊಂದು ಪಂದ್ಯ ಆಡಿದವಳು. ಆವರೆಗೆ ನನಗೆ ಸಿಕ್ಕ ಎಲ್ಲಕ್ಕಿಂತ ದೊಡ್ಡ ಮೊತ್ತ ಹೇಳಿದರು. ನನ್ನ ಮೊಣಕಾಲಿನ ಊತ ಇನ್ನೂ ಇಳಿದಿರಲಿಲ್ಲ. ಆಗುವುದಿಲ್ಲ ಎಂದೆ. ಇನ್ನೊಂದು ಪಂದ್ಯ ಖಂಡಿತ ಬರುತ್ತದೆ ಎಂದು ನಂಬಿದ್ದೆ. ಎರಡು ವರ್ಷ ಫೋನ್ ಹತ್ತಿರವೇ ಇಟ್ಟುಕೊಂಡು ಮಲಗುತ್ತಿದ್ದೆ, ಬರಲಿಲ್ಲ. ನೋವಾಗಲಿಲ್ಲ ಎಂದರೆ ಸುಳ್ಳು.

ಆ ಕರೆ ಬಂದ ದಿನ ಸಂಜೆ ಆರಕ್ಕೆ ಮೂವರು ಹುಡುಗಿಯರು ಮೊದಲ ಸಲ ಕಲಿಯಲು ಬರುವವರಿದ್ದರು. ಐದೂವರೆಗೆ ಹೋಗಿ ಮ್ಯಾಟ್ ಒರೆಸಿದೆ, ಟ್ಯಾಪ್ ಮಾಡುವುದು ಹೇಗೆ ಎಂದು ತೋರಿಸಿಕೊಟ್ಟೆ.